ಎಥನಾಲ್‌ನಲ್ಲಿಟ್ಟ ಚಿನ್ನದ ಮೇಲೆ ದಿಬ್ಬಗಳು: ತಪ್ಪು ಯಾರದು?

ಸಾಧನಕೇರಿ, ಧಾರವಾಡ:
ನಮಸ್ಕಾರ. ಅಭ್ರಕದ ಮೇಲೆ ಲೇಪಿಸಿದ ಚಿನ್ನವನ್ನು ಜ್ವಾಲೆಯಲ್ಲಿ ಕಾಯಿಸಿ ಎಸ್‌ಟಿಎಂನಲ್ಲಿ (ಮೇಲ್ಮೈಯ ಪರಮಾಣುಗಳ ಮಟ್ಟದ ಚಿತ್ರ ಕೊಡುವ ಸೂಕ್ಷ್ಮದರ್ಶಕ) ನೋಡುತ್ತೇನೆ. ಕಾಯಿಸಿದ ಕೂಡಲೇ ಜೋಡಿ ಗೆರೆಗಳು ಕಸೂತಿಯ ಮುರ್ಗಿ ಹೊಲಿಗೆಯ ಹಾಗೆ ಅಂಕುಡೊಂಕಾಗಿ, ಸಾಲು ತಪ್ಪದೆ ಕಾಣುತ್ತವೆ. ನಾನು ಪರೀಕ್ಷಿಸುತ್ತಿರುವ ಅಣುವನ್ನು ಕರಗಿಸಿದ ಎಥನಾಲ್‌ನಲ್ಲಿ ಒಂದು ರಾತ್ರಿ ಇಟ್ಟು ತೆಗೆದರೆ ಗೆರೆಗಳಿಲ್ಲ, ಬರೀ ಪುಟ್ಟ ದಿಬ್ಬಗಳು. ಮೂರು ವಾರದಿಂದ ಇದೇ ಪಾಡು. ಅಣುವೇ ಚಿನ್ನವನ್ನು ಕೆದಕುತ್ತಿದೆ ಎಂದು ಬರೆಯಬಹುದೇ?

ವಿದ್ಯಾನಗರ, ಹುಬ್ಬಳ್ಳಿ:
ಈಗಲೇ ಬರೆಯಬೇಡಿ. ದಿಬ್ಬದ ಎತ್ತರ ಎಷ್ಟು?

ಸಾಧನಕೇರಿ:
ಹೆಚ್ಚುಕಡಿಮೆ ಎಲ್ಲವೂ 0.24 ನ್ಯಾನೋಮೀಟರ್, ಸರ್.

ವಿದ್ಯಾನಗರ:
ಹಾಗಾದರೆ ಅದು ಕೊಳೆಯಲ್ಲ, ಚಿನ್ನವೇ. ಚಿನ್ನದ ಹರಳಿನ 111 ಎಂಬ ಮುಖದಲ್ಲಿ ಒಂದು ಪರಮಾಣು ಪದರದ ಎತ್ತರ ಅಷ್ಟೇ. ಕೊಳೆಯಾಗಿದ್ದರೆ ಒಂದೊಂದು ಕಡೆ ಒಂದೊಂದು ಎತ್ತರ ಸಿಗುತ್ತಿತ್ತು.

ಬರಿಯ ಚಿನ್ನದಲ್ಲಿ, ಕೆಳಪದರದ 22 ಪರಮಾಣುಗಳ ಉದ್ದಕ್ಕೆ ಮೇಲ್ಪದರದಲ್ಲಿ 23 ಕೂತಿರುತ್ತವೆ. 22 ಎಲೆಯ ಪಂಕ್ತಿಗೆ ಇನ್ನೊಬ್ಬರನ್ನು ಒತ್ತರಿಸಿ ಕೂರಿಸಿದ ಹಾಗೆ. ನೀವು ನೋಡುವ ಗೆರೆ ಆ ಇಕ್ಕಟ್ಟಿನ ಗುರುತು. ಬೇರೇನಾದರೂ ಬಂದು ಮೇಲ್ಮೈಯನ್ನು ಹಿಡಿದರೆ ಇಕ್ಕಟ್ಟು ಸಡಿಲಗೊಂಡು ಹೆಚ್ಚುವರಿ ಪರಮಾಣುಗಳು ಹೊರಬೀಳುತ್ತವೆ. ಚಿನ್ನದ ಪರಮಾಣುಗಳು ಕೋಣೆಯ ಬಿಸಿಯಲ್ಲೇ ಅಲೆದಾಡುವಂಥವು. ಅಲೆದು ಒಟ್ಟುಗೂಡಿದಲ್ಲಿ ದಿಬ್ಬ ಏಳುತ್ತದೆ.

ಆದರೆ ಹಿಡಿದದ್ದು ನಿಮ್ಮ ಅಣುವೇ ಎನ್ನಲು ಸಾಕ್ಷಿ ಎಲ್ಲಿದೆ? ಎಥನಾಲ್ ಇರಬಹುದು, ಅದರಲ್ಲಿ ತೃಣಮಾತ್ರ ಸೇರಿಕೊಂಡ ಕ್ಲೋರೈಡ್ ಇರಬಹುದು. ದ್ರಾವಕ ಅಣುವನ್ನು ಹೊತ್ತು ತರುವ ಗಾಡಿ ಮಾತ್ರ ಎಂದು ನಂಬಿ ನಾನೂ ಒಂದು ವರ್ಷ ಕಳೆದುಕೊಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅಣುವಿಲ್ಲದ ಬರೀ ಎಥನಾಲ್‌ನಲ್ಲಿ, ಅದೇ ಬೀಕರಿನಲ್ಲಿ, ಅಷ್ಟೇ ಹೊತ್ತು ಇಟ್ಟು ನೋಡಿ.

ಸಾಧನಕೇರಿ (ನಾಲ್ಕು ದಿನದ ನಂತರ):
ಬರೀ ಎಥನಾಲ್‌ನಲ್ಲೂ ದಿಬ್ಬಗಳು ಎದ್ದವು, ಸರ್! ಅದನ್ನು ಪ್ಲಾಸ್ಟಿಕ್ ತೊಳೆಬಾಟಲಿಯಿಂದ ಸುರಿದಿದ್ದೆ. ಆಮೇಲೆ ಎಥನಾಲ್‌ನ ಹೊಸ ಗಾಜಿನ ಸೀಸೆ ತೆರೆದೆ. ಅದರಲ್ಲಿ ಎರಡು ಗಂಟೆ ಇಟ್ಟಾಗ ಗೆರೆಗಳು ಉಳಿದವು, ರಾತ್ರಿಯಿಡೀ ಇಟ್ಟಾಗ ಅಲ್ಲಲ್ಲಿ ಮುರಿದವು.

ವಿದ್ಯಾನಗರ:
ಕಲ್ಮಶದ ಪಾಲು ಇದೆ, ಆದರೆ ಅದೊಂದೇ ಕಾರಣ ಎನ್ನಲಾಗದು. ತೊಳೆಬಾಟಲಿ ಬಿಡಿ. ಅಣುವಿನ ಪ್ರಯೋಗವನ್ನು ಎರಡು ಗಂಟೆಯೊಳಗೆ ಮುಗಿಸಿ; ಅದೇ ಹಾಳೆಯ ಇನ್ನೊಂದು ತುಣುಕು ಪ್ರತಿ ಸಲವೂ ಬರೀ ದ್ರಾವಕದಲ್ಲಿರಲಿ. ಅಣು ಹೆಕ್ಸೇನ್‌ನಲ್ಲಿ ಕರಗಿದರೆ ಅದರಲ್ಲೂ ನೋಡಿ. ಡಿಎಂಎಸ್‌ಓ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕ ಬೇಡ, ಅದರಲ್ಲಿ ಚಿನ್ನಕ್ಕೆ ಅಂಟುವ ಗಂಧಕವಿದೆ.

ಸಾಧನಕೇರಿ:
ಹಾಳೆ ಕತ್ತರಿಸಿಟ್ಟಿದ್ದೇನೆ. ನಾಳೆ ಎರಡೂ ಬೀಕರ್ ಒಟ್ಟಿಗೇ ಇಡುತ್ತೇನೆ. ಚಿತ್ರಗಳನ್ನು ಇಲ್ಲೇ ಹಾಕುತ್ತೇನೆ.