ಲಾಸ್ ನಾವಾಸ್ ಯುದ್ಧ 1250ರಲ್ಲೇ? ಸ್ಪೇನಿನ ಬಿಷಪ್‌ಗಳು ಬರೆದ ವೃತ್ತಾಂತಗಳ ಬಗ್ಗೆ

ಪ್ರಶ್ನೆ (ಹೊಸಓದುಗ):
ಮಧ್ಯಯುಗದ ಸ್ಪೇನಿನ ಲ್ಯಾಟಿನ್ ವೃತ್ತಾಂತಗಳಲ್ಲಿ ಲಾಸ್ ನಾವಾಸ್ ದೆ ತೊಲೋಸಾ ಯುದ್ಧಕ್ಕೆ (ಸ್ಪೇನಿನ ಕ್ರೈಸ್ತ ರಾಜರು ಮುಸ್ಲಿಂ ಸೈನ್ಯವನ್ನು ಸೋಲಿಸಿದ ಯುದ್ಧ) 1250 ಅಂತ ಕೊಟ್ಟಿದ್ದಾರೆ. ಅದು 1212 ಅಲ್ಲವೇ? ಇನ್ನು ಕೆಲವು ಕಡೆ ಒಂದೇ ಘಟನೆಗೆ ಪ್ರತಿಯಿಂದ ಪ್ರತಿಗೆ 30 ವರ್ಷ ವ್ಯತ್ಯಾಸ. ಬರೆದವರೆಲ್ಲ ಚರ್ಚಿನವರೇ. ಎಷ್ಟು ನಂಬಬಹುದು?

ಹಳೆಲಿಪಿ:
1250 ತಪ್ಪಲ್ಲ, ಎಣಿಕೆ ಬೇರೆ. ಅದು ಸ್ಪ್ಯಾನಿಷ್ 'ಎರಾ' ಅನ್ನುವ ವರ್ಷ ಎಣಿಕೆ, ಕ್ರಿ.ಪೂ. 38ರಿಂದ ಶುರು. 38 ಕಳೆಯಿರಿ, 1212 ಸಿಗುತ್ತದೆ. (ಶಕವರ್ಷಕ್ಕೆ 78 ಕೂಡಿಸಿ ರೂಢಿಯಾದವರೇ ಜೋಪಾನ, ಇಲ್ಲಿ ಕಳೆಯಬೇಕು.) ಸ್ಪೇನಿನ ಕಾಸ್ಟೀಲ್ ರಾಜ್ಯದಲ್ಲಿ ಇದು 1383ರವರೆಗೂ ನಡೆಯಿತು.

30 ವರ್ಷದ್ದು ನಕಲುಗಾರರ ಎಡವಟ್ಟು. ಸ್ಪೇನಿನ ಹಳೆಯ ಕೈಬರಹವಾದ ವಿಸಿಗೋಥಿಕ್ ಲಿಪಿಯಲ್ಲಿ, ರೋಮನ್ ಅಂಕಿಯ ಎಕ್ಸ್ ಅಕ್ಷರದ ಬಲತುದಿಗೆ ಪುಟ್ಟ ಕೊಕ್ಕೆ ಇದ್ದರೆ 40, ಇಲ್ಲದಿದ್ದರೆ 10. ಆ ಲಿಪಿ ಬಳಕೆ ತಪ್ಪಿದ ಮೇಲೆ ನಕಲು ಮಾಡಿದವರು ಕೊಕ್ಕೆಯನ್ನು ಗಮನಿಸದೆ 10 ಅಂತಲೇ ಬರೆದರು. ವ್ಯತ್ಯಾಸ 38 ಇದ್ದರೆ ಯಾರೋ ಕಳೆಯಲು ಮರೆತಿದ್ದಾರೆ. ಸರಿಯಾಗಿ 30 ಇದ್ದರೆ ಕೊಕ್ಕೆ ಬಿದ್ದುಹೋಗಿದೆಯೇ ಅಂತ ಅಡಿಟಿಪ್ಪಣಿಯಲ್ಲಿ ಕೊಟ್ಟಿರುವ ಪಾಠಾಂತರ (ಬೇರೆ ಪ್ರತಿಗಳಲ್ಲಿರುವ ರೂಪ) ನೋಡಿ.

ಪಾಠಾಂತರ:
ಇಸವಿ ಸರಿಹೋದ ಮೇಲೆ, ಬರೆದವರು ಯಾವ ಊರಿನ ಬಿಷಪ್ ಅಂತ ನೋಡಿ. 12ನೇ ಶತಮಾನದಲ್ಲಿ ಒವಿಯೆದೊದ ಬಿಷಪ್ ಪೆಲಾಯೊ, ತನಗಿಂತ ಹಿಂದಿನ ಬಿಷಪ್ ಸಂಪೀರೊ ಬರೆದ ವೃತ್ತಾಂತದೊಳಗೆ ಪೋಪರ ಹೆಸರಿನ ಪತ್ರಗಳನ್ನೇ ತುರುಕಿದ; ತನ್ನ ಪೀಠಕ್ಕೆ ಆರ್ಚ್‌ಬಿಷಪ್ ದರ್ಜೆ ಮೊದಲಿನಿಂದಲೂ ಇತ್ತು ಅನ್ನಿಸಲು. ಸಿಕ್ಕಿಬಿದ್ದದ್ದು ಹೇಗೆಂದರೆ, ಅದೇ ಸಂಪೀರೊ ಪಠ್ಯ 'ಹಿಸ್ಟೋರಿಯಾ ಸಿಲೆನ್ಸೆ' ಅನ್ನುವ ಇನ್ನೊಂದು ಲ್ಯಾಟಿನ್ ವೃತ್ತಾಂತದಲ್ಲೂ ಉಳಿದಿದೆ, ಅಲ್ಲಿ ಆ ಪತ್ರಗಳಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಇನ್ನೊಂದು ಬಲೆ: ಮುಂದೆ ತುಯ್ ಊರಿನ ಬಿಷಪ್ ಆದ ಲೂಕಾಸ್ ತನ್ನ ವೃತ್ತಾಂತ ಬರೆದದ್ದು ಕಾಸ್ಟೀಲ್‌ನ ರಾಣಿ ಬೆರೆಂಗೆಲಾಳ ಅಪ್ಪಣೆಯಂತೆ, ತೊಲೆದೊದ ಆರ್ಚ್‌ಬಿಷಪ್ ರೊಡ್ರಿಗೊ ಹಿಮೆನೆಸ್ ದೆ ರಾದ ಬರೆದದ್ದು ಅವಳ ಮಗ ರಾಜ 3ನೇ ಫೆರ್ನಾಂದೊಗಾಗಿ, ಮುಗಿದದ್ದು 1243ರಲ್ಲಿ. ರೊಡ್ರಿಗೊ ಎದುರಿಗೆ ಲೂಕಾಸ್‌ನ ಪಠ್ಯವಿತ್ತು. ಹಾಗಾಗಿ ಇಬ್ಬರೂ ಒಂದೇ ಮಾತು ಹೇಳಿದರೆ ಸಾಕ್ಷಿ ಎರಡಾಗುವುದಿಲ್ಲ. ತೊಲೆದೊ ಪೀಠದ ಹಿರಿಮೆಯ ವಿಷಯ ಬಂದಾಗಲಂತೂ ರೊಡ್ರಿಗೊ ಇತಿಹಾಸಕಾರನಲ್ಲ, ವಾದಿ.

ಹೊಸಓದುಗ:
ಸತ್ತವರ ಲೆಕ್ಕ?

ಹಳೆಲಿಪಿ:
ಪಕ್ಕಕ್ಕಿಡಿ. ಉತ್ತರ ಸ್ಪೇನಿನ ಕೊವದೋಂಗಾ ಯುದ್ಧದಲ್ಲಿ (8ನೇ ಶತಮಾನ) 1,24,000 ಮುಸ್ಲಿಂ ಸೈನಿಕರು ಹತರಾದರು, ಓಡಿದ 63,000 ಜನ ಬೆಟ್ಟ ಕುಸಿದು ಸತ್ತರು ಅನ್ನುತ್ತದೆ 3ನೇ ಅಲ್ಫೋನ್ಸೊನ ವೃತ್ತಾಂತ. ಲಾಸ್ ನಾವಾಸ್‌ನಲ್ಲಿ ಸತ್ತ ಎದುರಾಳಿಗಳು ಸುಮಾರು 2,00,000, ತಮ್ಮವರು ಬರೀ 25 ಅನ್ನುತ್ತಾನೆ ರೊಡ್ರಿಗೊ. ಆದರೆ ಅವನು ಆ ರಣರಂಗದಲ್ಲಿ ಖುದ್ದಾಗಿ ಇದ್ದವನು. ಗೆದ್ದ ಸೈನ್ಯ ಎರಡು ದಿನ ಬೇರೆ ಸೌದೆಯನ್ನೇ ಹುಡುಕದೆ, ಶತ್ರುಗಳು ಬಿಟ್ಟುಹೋದ ಈಟಿ, ಬಾಣಗಳನ್ನೇ ಒಲೆಗೆ ಹಾಕಿತು ಅಂತ ಬರೆಯುತ್ತಾನೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಸಾಲನ್ನು.