2800 ಸ್ಟಾಲ್ ಕನ್ವರ್ಟರ್ ಹಾಕಿಸಿದ ಮೇಲೆ ಹೈವೇಯಲ್ಲಿ ನಡುಕ, 1-2 ಶಿಫ್ಟ್‌ನಲ್ಲಿ ಹೊಡೆತ (2005 ಸಿಲ್ವರಾಡೊ ಎಸ್‌ಎಸ್)

ಹೂಸ್ಟನ್_ಹೈದ:
ಎಲ್ಲರಿಗೂ ನಮಸ್ಕಾರ. ಗಾಡಿ 2005ರ ಶೆವರ್ಲೆ ಸಿಲ್ವರಾಡೊ ಎಸ್‌ಎಸ್, ಟೂ-ವೀಲ್ ಡ್ರೈವ್. 6.0 ಲೀಟರ್ ಎಲ್‌ಕ್ಯೂ9 ಎಂಜಿನ್, 4ಎಲ್65ಇ ಗೇರ್‌ಬಾಕ್ಸ್, 4.10 ಆಕ್ಸಲ್, ಕಂಪನಿ ಅಳತೆಯದೇ 275/55 ಆರ್20 ಟೈರ್. 1,30,000 ಮೈಲಿ ದಾಟಿದೆ. ಎಂಜಿನ್‌ಗೆ ಸ್ವಲ್ಪ ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಹಾಕಿದ್ದೆ, ಅದಕ್ಕೆ ಹೊಂದಲಿ ಎಂದು ಇಲ್ಲೇ ಒಂದು ಶಾಪ್‌ನಲ್ಲಿ 2800 ಸ್ಟಾಲ್ ಟಾರ್ಕ್ ಕನ್ವರ್ಟರ್ ಹಾಕಿಸಿದೆ. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ ಅದು; ಗಾಡಿ ನಿಂತಿರುವಾಗ ಎಂಜಿನನ್ನು ಎಷ್ಟು ಆರ್‌ಪಿಎಂ ತನಕ ಏರಲು ಬಿಡುತ್ತದೋ ಅದೇ ಸ್ಟಾಲ್.

ಸಿಗ್ನಲ್‌ನಿಂದ ಹೊರಡುವಾಗ ಗಾಡಿ ಬೇರೆಯೇ ಆಗಿದೆ, ಅದರ ಬಗ್ಗೆ ಮಾತೇ ಇಲ್ಲ. ತಕರಾರು ಹೈವೇಯಲ್ಲಿ. ಅರ್ಧ ಗಂಟೆ ಓಡಿದ ಮೇಲೆ 60 ಮೈಲಿ ವೇಗದಲ್ಲಿ ಆರ್‌ಪಿಎಂ ಸುಮ್ನೆ ಏರಿ ಇಳಿಯುತ್ತದೆ. ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಇಡೀ ಗಾಡಿ ನಡುಗುತ್ತದೆ. ಆಮೇಲೆ ಚೆಕ್ ಎಂಜಿನ್ ಲೈಟ್, ಕೋಡ್ ಪಿ1870. ಹೈವೇಯಿಂದ ಇಳಿದರೆ ಒಂದರಿಂದ ಎರಡನೇ ಗೇರ್‌ಗೆ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಹೊಡೆತ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಶಿಫ್ಟ್ ಬೆಣ್ಣೆಯಂತೆ ಆಗುತ್ತದೆ! ಮತ್ತೆ ಹೈವೇ ಹತ್ತಿದರೆ ಅದೇ ಕಥೆ. ಗೇರ್‌ಬಾಕ್ಸ್ ಆಯಿಲ್ 230 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿದೆ. ಶಾಪ್‌ನವರನ್ನು ಕೇಳಿದರೆ "ಹೈ-ಸ್ಟಾಲ್ ಅಂದ್ರೆ ಹಾಗೇ, ಅಭ್ಯಾಸ ಆಗುತ್ತೆ" ಎನ್ನುತ್ತಾರೆ.

ವಿ8_ಪ್ರೇಮಿ:
ಕನ್ವರ್ಟರ್ ಡಿಫೆಕ್ಟ್ ಪೀಸ್ ಇರಬೇಕು ಗುರು. ವಾರಂಟಿಯಲ್ಲಿ ವಾಪಸ್ ಕಳಿಸಿ.

ಗ್ರೀಸ್_ಕೈ:
ಸ್ವಲ್ಪ ತಡೆಯಿರಿ. ಗೇರ್‌ಬಾಕ್ಸ್ ಇಳಿಸೋದು ಅಂದ್ರೆ ಒಂದು ಇಡೀ ದಿನದ ಕೆಲಸ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು ಮುಗಿಯಲಿ.

ಹೈ-ಸ್ಟಾಲ್ ಅಂದರೆ ಹಾಗೇ ಎನ್ನುವ ಮಾತು ಒಪ್ಪುವಂಥದ್ದಲ್ಲ. ಸ್ಟಾಲ್ ಹೆಚ್ಚಿದ್ದರೆ ಕನ್ವರ್ಟರ್ ಹೊರಡುವಾಗ ಜಾಸ್ತಿ ಜಾರುತ್ತದೆ, ಎಂಜಿನ್ ಬೇಗ 2800 ಮುಟ್ಟಿ ಟಾರ್ಕ್ ಇರುವ ಜಾಗಕ್ಕೆ ಹೋಗುತ್ತದೆ. ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು. ಹೈವೇಯಲ್ಲಿ ಒಳಗಿನ ಲಾಕಪ್ ಕ್ಲಚ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಜಾರದಂತೆ ನೇರ ಕೊಂಡಿ ಹಾಕುವ ಭಾಗ) ಹಿಡಿಯಬೇಕು. ಅದು ಹಿಡಿದ ಮೇಲೆ 1600 ಸ್ಟಾಲ್ ಆದರೂ 2800 ಆದರೂ ವ್ಯತ್ಯಾಸವೇ ಗೊತ್ತಾಗಬಾರದು.

ಹಿಡಿದಿದೆಯೋ ಇಲ್ಲವೋ ಎಂದು ಲೆಕ್ಕ ಹಾಕಿ ನೋಡಬಹುದು. ನಿಮ್ಮ ಟೈರ್ ಸುಮಾರು 32 ಇಂಚು ಎತ್ತರ. ನಾಲ್ಕನೇ ಗೇರ್ 0.70, ಆಕ್ಸಲ್ 4.10. ಲಾಕ್ ಆಗಿದ್ದರೆ 60 ಮೈಲಿಗೆ ಎಂಜಿನ್ 1800 ಆರ್‌ಪಿಎಂ ಆಸುಪಾಸು ಇರಬೇಕು. ನಿಮ್ಮಲ್ಲಿ ಎಷ್ಟಿದೆ? ಇನ್ನೊಂದು ಪರೀಕ್ಷೆ: ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, ಆಕ್ಸಿಲರೇಟರ್ ಹಾಗೇ ಹಿಡಿದು ಎಡಗಾಲಿನಿಂದ ಬ್ರೇಕ್ ಪೆಡಲನ್ನು ಲೈಟ್ ಉರಿಯುವಷ್ಟೇ ಮುಟ್ಟಿ. ಬ್ರೇಕ್ ಸ್ವಿಚ್ ಲಾಕಪ್ ಬಿಡಿಸುತ್ತದೆ. ಆರ್‌ಪಿಎಂ ಟಕ್ ಎಂದು ಏರಿದರೆ ಅಲ್ಲಿಯ ತನಕ ಲಾಕ್ ಇತ್ತು ಎಂದರ್ಥ. ಏರದಿದ್ದರೆ ಅದು ಲಾಕ್ ಆಗಿರಲೇ ಇಲ್ಲ.

ಆ ಶಿಫ್ಟ್ ಹೊಡೆತಕ್ಕೂ ಕನ್ವರ್ಟರ್‌ಗೂ ನೇರ ಸಂಬಂಧವಿಲ್ಲ. ಪಿ1870 ಅಂದರೆ ಗೇರ್‌ಬಾಕ್ಸ್ ಒಳಗೆ ಏನೋ ಜಾರುತ್ತಿದೆ ಎಂದು ಪಿಸಿಎಂ (ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ನಡೆಸುವ ಕಂಪ್ಯೂಟರ್) ಹೇಳುತ್ತಿದೆ. ಕ್ಲಚ್‌ಗಳು ಸುಡದಿರಲಿ ಎಂದು ಅದು ಲೈನ್ ಪ್ರೆಷರನ್ನು, ಅಂದರೆ ಗೇರ್‌ಬಾಕ್ಸ್ ಆಯಿಲ್‌ನ ಒತ್ತಡವನ್ನು, ಗರಿಷ್ಠಕ್ಕೆ ಏರಿಸಿ, ಲಾಕಪ್ ಬಿಟ್ಟುಬಿಡುತ್ತದೆ. ಗುದ್ದು ಬರುವುದು ಆ ಪ್ರೆಷರ್‌ನಿಂದ. ಎಂಜಿನ್ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಜಾರುವವರೆಗೆ ಸುಮ್ಮನಿರುತ್ತದೆ.

ಹೂಸ್ಟನ್_ಹೈದ:
ನೋಡಿದೆ ಸರ್. ತಣ್ಣಗಿದ್ದಾಗ 60 ಮೈಲಿಗೆ 1800, ಬ್ರೇಕ್ ಮುಟ್ಟಿದರೆ ಏರುತ್ತದೆ. ಬಿಸಿಯಾದ ಮೇಲೆ ಅದೇ ವೇಗಕ್ಕೆ 2200ರ ಮೇಲೆ. ಬ್ರೇಕ್ ಮುಟ್ಟಿದರೂ ಅಲುಗಾಡುವುದಿಲ್ಲ. ಹಾಗಾದರೆ ಲಾಕಪ್ ಕ್ಲಚ್ ಸುಟ್ಟಿದೆಯೇ?

ಗ್ರೀಸ್_ಕೈ:
ಕ್ಲಚ್ ಸುಟ್ಟಿರಬಹುದು, ಇಲ್ಲವೇ ಅದಕ್ಕೆ ಒತ್ತಡವೇ ತಲುಪದಿರಬಹುದು. ತಣ್ಣಗೆ ಸರಿ, ಬಿಸಿಗೆ ಜಾರಿಕೆ ಎಂದರೆ ನನಗೆ ಎರಡನೆಯದರ ಮೇಲೇ ಅನುಮಾನ. ಆಯಿಲ್ ಬಿಸಿಯಾಗಿ ತೆಳುವಾದಾಗ ಸಣ್ಣ ಸಂದಿಯಲ್ಲೂ ಸೋರುತ್ತದೆ.

ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಬೇಕು. ಎರಡೇ ಸಾಲು ರೆಕಾರ್ಡ್ ಮಾಡಿ (ಟಿಸಿಸಿ ಅಂದರೆ ಅದೇ ಲಾಕಪ್ ಕ್ಲಚ್): ಟಿಸಿಸಿ ಡ್ಯೂಟಿ ಸೈಕಲ್, ಅಂದರೆ ಪಿಸಿಎಂ ಅದನ್ನು ಎಷ್ಟು ಒತ್ತಲು ಹೇಳುತ್ತಿದೆ; ಟಿಸಿಸಿ ಸ್ಲಿಪ್, ಅಂದರೆ ಅದು ಎಷ್ಟು ಆರ್‌ಪಿಎಂ ಜಾರುತ್ತಿದೆ. ಕೋಡ್ ಅಳಿಸಿ, ತಣ್ಣಗಿನ ಗಾಡಿಯಿಂದಲೇ ಶುರು ಮಾಡಿ. ಇದು ಮುಖ್ಯ. ಕೋಡ್ ಬಿದ್ದ ಮೇಲೆ ಪಿಸಿಎಂ ಲಾಕಪ್ ಕೇಳುವುದನ್ನೇ ನಿಲ್ಲಿಸಿರುತ್ತದೆ, ಆಮೇಲೆ ನೋಡಿದರೆ ಡ್ಯೂಟಿ ಸೊನ್ನೆ ಬಂದು ದಾರಿ ತಪ್ಪಿಸುತ್ತದೆ.

ಡ್ಯೂಟಿ ಮಧ್ಯದಲ್ಲೆಲ್ಲೋ ಓಲಾಡುತ್ತಾ ಸ್ಲಿಪ್ ಚಿಕ್ಕದಿದ್ದರೆ ಪಿಸಿಎಂ ಬೇಕೆಂದೇ ಜಾರಿಸುತ್ತಿದೆ. ಆ ಕಾಲದ ಜಿಎಂ ಟ್ರಕ್‌ಗಳಲ್ಲಿ ಎಂಜಿನ್ ನಡುಕ ಗೊತ್ತಾಗದಿರಲಿ ಎಂದು ಲಾಕಪ್ ಕ್ಲಚ್ ಅನ್ನು ಸ್ವಲ್ಪ ಜಾರುತ್ತಲೇ ಇರುವಂತೆ ಮಾಡಿದ್ದರು. ಕಂಪನಿ ಕನ್ವರ್ಟರ್‌ನ ಲೈನಿಂಗ್ ಅದಕ್ಕೆಂದೇ ಇರುವುದು, ತಡೆದುಕೊಳ್ಳುತ್ತದೆ. ಹೊರಗಿನ ಕನ್ವರ್ಟರ್‌ಗಳಲ್ಲಿ ಹಲವು ಅದನ್ನು ತಡೆದುಕೊಳ್ಳುವುದಿಲ್ಲ. ಆಗ ಟ್ಯೂನ್‌ನಲ್ಲಿ (ಪಿಸಿಎಂನ ಸಾಫ್ಟ್‌ವೇರ್ ಸೆಟ್ಟಿಂಗ್) ಆ ಜಾರಿಕೆ ತೆಗೆಸಿ ಪೂರ್ತಿ ಲಾಕ್ ಆಗುವಂತೆ ಮಾಡಬೇಕು. ಡ್ಯೂಟಿ ತುದಿಗೆ ಹೋಗಿಯೂ ಸ್ಲಿಪ್ ನೂರಾರು ಇದ್ದರೆ ಟ್ಯೂನ್ ಮುಟ್ಟಿ ಪ್ರಯೋಜನವಿಲ್ಲ, ಅದು ಆಯಿಲ್ ದಾರಿಯ ತೊಂದರೆ.

ಬೆಂಗ್ಳೂರ್_ಡೀಸೆಲ್:
ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಫಾರ್ಚೂನರ್ 2.8 ಆಟೊಮ್ಯಾಟಿಕ್‌ಗೂ ಇಂಥ ಕನ್ವರ್ಟರ್ ಹಾಕಿದರೆ ಪಿಕಪ್ ಬರುತ್ತದೆಯೇ?

ಗ್ರೀಸ್_ಕೈ:
ಬೇಡ ಸರ್. ನಿಮ್ಮ ಎಂಜಿನ್ 500 ನ್ಯೂಟನ್ ಮೀಟರ್ ಟಾರ್ಕನ್ನು 1600 ಆರ್‌ಪಿಎಂಗೇ ಕೊಡುತ್ತದೆ. ಇವರ ಎಲ್‌ಕ್ಯೂ9 ಹೆಚ್ಚುಕಡಿಮೆ ಅಷ್ಟೇ ಟಾರ್ಕ್ ಕೊಡುವುದು, ಆದರೆ 4000 ಆರ್‌ಪಿಎಂನಲ್ಲಿ. ದೊಡ್ಡ ಕ್ಯಾಮ್ ಹಾಕಿದ ಮೇಲೆ ಇನ್ನೂ ಮೇಲೆ. ಅದಕ್ಕೇ ಇವರಿಗೆ ಎಂಜಿನ್ ಮೊದಲು ಏರಬೇಕು. ನೀವು 2800 ಹಾಕಿದರೆ ನಿಮ್ಮ ಟಾರ್ಕ್ ಮುಗಿಯುವ ಜಾಗದಲ್ಲಿ ಗಾಡಿ ಹೊರಡುತ್ತದೆ, ಆಯಿಲ್ ಬಿಸಿ, ಡೀಸೆಲ್ ದಂಡ.

ಹೂಸ್ಟನ್_ಹೈದ:
ಸರ್, ರೆಕಾರ್ಡ್ ಮಾಡಿದೆ. ತಣ್ಣಗಿದ್ದಾಗ ಡ್ಯೂಟಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸ್ಲಿಪ್ 20-30. ಆಯಿಲ್ 190 ದಾಟಿದ ಮೇಲೆ ಡ್ಯೂಟಿ ಮೆಲ್ಲಗೆ ಏರುತ್ತಾ ತುದಿಗೆ ಹೋಯಿತು. ಸ್ಲಿಪ್ ಮಾತ್ರ 150, 300, 400. ಆಮೇಲೆ ಲೈಟ್.

ಗ್ರೀಸ್_ಕೈ:
ಇದಕ್ಕಿಂತ ಸ್ಪಷ್ಟ ಲಾಗ್ ಸಿಗುವುದಿಲ್ಲ. ಪಿಸಿಎಂ ಒತ್ತು ಒತ್ತು ಎನ್ನುತ್ತಿದೆ, ಒತ್ತಡ ಹೋಗುತ್ತಿಲ್ಲ. ಈ ಗೇರ್‌ಬಾಕ್ಸ್‌ಗಳಲ್ಲಿ ಇಷ್ಟು ಮೈಲಿಗೆ ಸಾಮಾನ್ಯವಾಗಿ ಸವೆಯುವುದು ವಾಲ್ವ್ ಬಾಡಿಯಲ್ಲಿ (ಆಯಿಲನ್ನು ಬೇಕಾದ ಕಡೆಗೆ ಕಳಿಸುವ ಭಾಗ) ಟಿಸಿಸಿ ರೆಗ್ಯುಲೇಟರ್ ವಾಲ್ವ್ ಓಡಾಡುವ ತೂತು. ಬಾಡಿ ಅಲ್ಯೂಮಿನಿಯಂ. ಲಾಕಪ್ ಜಾರಿಸಲು ವಾಲ್ವ್ ಸದಾ ಅಲುಗುತ್ತಲೇ ಇರುತ್ತದೆ, ವರ್ಷಗಟ್ಟಲೆ ಉಜ್ಜಿ ಉಜ್ಜಿ ತೂತು ಅಗಲವಾಗುತ್ತದೆ.

ಹಾಗಾದರೆ ಹೊಸ ಕನ್ವರ್ಟರ್ ಹಾಕಿದ ಮೇಲೇ ಯಾಕೆ ಕಾಣಿಸಿತು ಎಂದು ಕೇಳುತ್ತೀರಿ. ಹಳೆಯ ಕನ್ವರ್ಟರ್ ಬಿಗಿ. ಲಾಕಪ್ ಪೂರ್ತಿ ಹಿಡಿಯದಿದ್ದರೂ ಹೈವೇ ವೇಗದಲ್ಲಿ ಅದು ಜಾರುತ್ತಿದ್ದುದೇ ಕಡಿಮೆ, ಪಿಸಿಎಂ ಗಮನಕ್ಕೇ ಬಂದಿರಲಿಲ್ಲ. 1800 ಆರ್‌ಪಿಎಂ ಅಂದರೆ ನಿಮ್ಮ ಹೊಸ ಸ್ಟಾಲ್‌ಗಿಂತ ಸಾವಿರ ಕೆಳಗೆ. ಲಾಕಪ್ ಕೈಬಿಟ್ಟ ಕೂಡಲೇ 400 ಜಾರುತ್ತದೆ. ಜಾರಿದ್ದೆಲ್ಲ ಶಾಖ, 230 ಡಿಗ್ರಿಗೆ ಕಾರಣ ಅದೇ. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ.

ಇನ್ನೊಂದು ಸಾಧ್ಯತೆ ಇದೆ. ಇನ್‌ಪುಟ್ ಶಾಫ್ಟ್ ತುದಿಯಲ್ಲಿ ಒಂದು ಓ-ರಿಂಗ್ ಇರುತ್ತದೆ. ಕನ್ವರ್ಟರ್ ತೂರಿಸುವಾಗ ಅದು ಕತ್ತರಿಸಿದ್ದರೂ ಲಾಕಪ್ ಒತ್ತಡ ಸೋರುತ್ತದೆ. ಅದನ್ನು ನೋಡಲು ಗೇರ್‌ಬಾಕ್ಸ್ ಇಳಿಸಲೇಬೇಕು. ವಾಲ್ವ್ ಬಾಡಿ ಪ್ಯಾನ್ ಬಿಚ್ಚಿದರೆ ಕೆಳಗಿನಿಂದಲೇ ಬರುತ್ತದೆ. ಆದ್ದರಿಂದ ಮೊದಲು ಅದು. ತೆಗೆದು ಆ ತೂತಿಗೆ ವ್ಯಾಕ್ಯೂಮ್ ಪರೀಕ್ಷೆ ಮಾಡಿಸಿ. ವ್ಯಾಕ್ಯೂಮ್ ಹಿಡಿಯದಿದ್ದರೆ ತೂತು ರೀಮ್ ಮಾಡಿ (ಕೊರೆದು ಅಗಲಿಸಿ) ಓವರ್‌ಸೈಜ್ ವಾಲ್ವ್ ಹಾಕಬಹುದು, ಸಾನ್ಯಾಕ್ಸ್ ಕಿಟ್ ಸಿಗುತ್ತದೆ. ರೀಮ್ ಮಾಡಿ ಅಭ್ಯಾಸ ಇಲ್ಲದಿದ್ದರೆ ರಿಪೇರಿ ಮಾಡಿದ ಇಡೀ ವಾಲ್ವ್ ಬಾಡಿಯೇ ತನ್ನಿ. ವಕ್ರವಾಗಿ ರೀಮ್ ಮಾಡಿದರೆ ಬಾಡಿ ಗುಜರಿಗೆ. ಇಳಿಸುವಾಗ ಚೆಕ್‌ಬಾಲ್‌ಗಳು (ಆಯಿಲ್ ದಾರಿ ಮುಚ್ಚುವ ಸಣ್ಣ ಗುಂಡುಗಳು) ಕೈಗೆ ಉದುರುತ್ತವೆ, ಯಾವುದು ಎಲ್ಲಿತ್ತು ಎಂದು ಫೋಟೊ ತೆಗೆದುಕೊಳ್ಳಿ. ಪ್ಯಾನ್ ತಳದಲ್ಲಿ ಏನಿದೆ ಎಂದೂ ನೋಡಿ. ಬೂದಿಯಂಥ ತೆಳು ಪದರ ಸಹಜ. ಕಪ್ಪು ಕೆಸರು, ಸುಟ್ಟ ವಾಸನೆ ಇದ್ದರೆ ಲಾಕಪ್ ಕ್ಲಚ್ ಕೂಡ ಹೋಗಿದೆ ಎಂದುಕೊಳ್ಳಿ.

ಹೂಸ್ಟನ್_ಹೈದ:
ವ್ಯಾಕ್ಯೂಮ್ ನಿಲ್ಲಲೇ ಇಲ್ಲ ಸರ್. ಪ್ಯಾನ್‌ನಲ್ಲಿ ತೆಳು ಬೂದಿ ಅಷ್ಟೇ, ವಾಸನೆ ಇಲ್ಲ. ರಿಪೇರಿ ಮಾಡಿದ ವಾಲ್ವ್ ಬಾಡಿ ಕೂರಿಸಿ, ಹೊಸ ಫಿಲ್ಟರ್ ಹಾಕಿ, ಡೆಕ್ಸ್ರಾನ್ 6 ತುಂಬಿಸಿದೆ. ರೇಡಿಯೇಟರ್ ಮುಂದೆ ಪ್ಲೇಟ್ ಮಾದರಿಯ ಆಯಿಲ್ ಕೂಲರ್ ಒಂದನ್ನೂ ಹಾಕಿಸಿದೆ. ಮಧ್ಯಾಹ್ನದ ಬಿಸಿಲಲ್ಲಿ ಸ್ಯಾನ್ ಆಂಟೋನಿಯೊ ತನಕ ಹೋಗಿ ಬಂದೆ. 60 ಮೈಲಿಗೆ 1800 ಕದಲಲಿಲ್ಲ, ಆಯಿಲ್ 185. ನಡುಕ ಇಲ್ಲ, ಗುದ್ದು ಇಲ್ಲ.

ಈಗ ಉಳಿದಿರುವುದು ಒಂದೇ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮೊದಲನೇ ಗೇರ್‌ನಲ್ಲೇ ರೆವ್ ಲಿಮಿಟರ್‌ಗೆ (ಎಂಜಿನ್‌ಗೆ ಹಾಕಿರುವ ಗರಿಷ್ಠ ಆರ್‌ಪಿಎಂ ಮಿತಿ) ಬಡಿದು ಆಮೇಲೆ ಶಿಫ್ಟ್ ಆಗುತ್ತದೆ.

ವಿ8_ಪ್ರೇಮಿ:
ಕನ್ವರ್ಟರ್ ವಾಪಸ್ ಕಳಿಸದಿದ್ದದ್ದು ಒಳ್ಳೆಯದೇ ಆಯ್ತು ಬಿಡಿ 😄

ಗ್ರೀಸ್_ಕೈ:
ಅದು ಟ್ಯೂನ್. ಕಂಪನಿಯ ಟೇಬಲ್‌ನಲ್ಲಿ ಇಂಥ ವೇಗಕ್ಕೆ ಶಿಫ್ಟ್ ಮಾಡು ಎಂದಿರುತ್ತದೆ. ಈಗ ಅದೇ ವೇಗಕ್ಕೆ ಎಂಜಿನ್ ಮೊದಲಿಗಿಂತ ಮೇಲೆ ತಿರುಗುತ್ತಿರುತ್ತದೆ, ಶಿಫ್ಟ್ ಮುಗಿಯುವ ಮೊದಲೇ ಲಿಮಿಟರ್. ಪೂರ್ತಿ ಥ್ರಾಟಲ್‌ನ 1-2 ವೇಗವನ್ನೂ ಆರ್‌ಪಿಎಂ ಅನ್ನೂ ಸ್ವಲ್ಪ ಕೆಳಗಿಳಿಸಲು ಟ್ಯೂನರ್‌ಗೆ ಹೇಳಿ. ಅದೇ ಸಲಕ್ಕೆ ಲಾಕಪ್‌ನ ಬೇಕೆಂದೇ ಜಾರಿಸುವ ಕೆಲಸವನ್ನೂ ತೆಗೆಸಿ. ಲಾಗ್‌ನಲ್ಲಿ ತಣ್ಣಗಿದ್ದಾಗ ಡ್ಯೂಟಿ ಅರ್ಧದಲ್ಲೇ ಇತ್ತಲ್ಲ, ಅದು ಇನ್ನೂ ಹಾಗೇ ಇದೆ. ಅದಕ್ಕೂ ಮುಂಚೆ ಕನ್ವರ್ಟರ್ ಮೇಲಿನ ಸೀರಿಯಲ್ ನಂಬರ್ ಹೇಳಿ ತಯಾರಕರಿಗೇ ಫೋನ್ ಮಾಡಿ, ಈ ಲೈನಿಂಗ್ ಜಾರಿಕೆ ತಡೆದುಕೊಳ್ಳುತ್ತದೆಯೇ ಎಂದು ಕೇಳಿಕೊಳ್ಳಿ. ತಡೆದುಕೊಳ್ಳುವುದಿಲ್ಲ ಎಂದರೆ ಟ್ಯೂನ್ ಆಗುವ ತನಕ ಹೈವೇಯಲ್ಲಿ ಮೂರನೇ ಗೇರ್‌ನಲ್ಲಿ ಓಡಿಸಿದರೂ ಉಪಯೋಗವಿಲ್ಲ, ಅಲ್ಲೂ ಲಾಕಪ್ ಹಿಡಿಯುತ್ತದೆ. ದೂರದ ಓಡಾಟವನ್ನೇ ಮುಂದಕ್ಕೆ ಹಾಕಿ.