ಪದಚರ್ಚೆ: ‘ಕೇರರ್ಸ್ ಲೀವ್’ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಒಂದು ಕಂಪನಿಯ ರಜೆ ನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಗೆ ಬಂದಿದೆ. ಬೆಂಗಳೂರಿನಲ್ಲೂ ಬ್ರಿಟನ್ನಿನಲ್ಲೂ ಕಚೇರಿ ಇರುವವರು. ಗಳಿಕೆ ರಜೆ, ಸಾಂದರ್ಭಿಕ ರಜೆ, ಹೆರಿಗೆ ರಜೆ ಎಲ್ಲ ಸಲೀಸಾಗಿ ಮುಗಿಯಿತು. ‘ಕೇರರ್ಸ್ ಲೀವ್’ ಹತ್ತಿರ ಬಂದು ಮೂರು ದಿನದಿಂದ ಕೂತಿದ್ದೇನೆ.

ಈ ರಜೆ ಕೊಡುವ ಬ್ರಿಟನ್ನಿನ ಕಾಯ್ದೆ 2023ರದು, 2024ರ ಏಪ್ರಿಲ್ 6ರಿಂದ ಜಾರಿಯಲ್ಲಿದೆ. ದೀರ್ಘಕಾಲ ಆರೈಕೆ ಬೇಕಿರುವ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಅಥವಾ ತನ್ನನ್ನೇ ನೆಚ್ಚಿಕೊಂಡ ಇನ್ನಾರನ್ನೋ ನೋಡಿಕೊಳ್ಳಲು ವರ್ಷಕ್ಕೆ ಒಂದು ವಾರ ರಜೆ. ಸಂಬಳವಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹಕ್ಕು.

ಮೊದಲು ಹೊಳೆದದ್ದು ‘ಪಾಲಕರ ರಜೆ’. ಪಾಲಕರು ಅಂದರೆ ಧಾರವಾಡದ ಕಡೆ ಶಾಲೆಯ ಸಭೆಗೆ ಬರುವ ಅಪ್ಪ ಅಮ್ಮ. ಮೈಸೂರು ಕಡೆ ಅವರೇ ಪೋಷಕರು. ‘ಪೋಷಕರ ಆರೈಕೆ’ ಅಂದರೆ ಪೋಷಕರು ಮಾಡುವುದೋ, ಪೋಷಕರಿಗೆ ಮಾಡುವುದೋ? ಷಷ್ಠಿ ಎರಡಕ್ಕೂ ತಲೆಯಾಡಿಸುತ್ತದೆ. ಸಾಲದ್ದಕ್ಕೆ, ಮಕ್ಕಳಿಗಾಗಿ ತಂದೆತಾಯಿ ತೆಗೆದುಕೊಳ್ಳುವ ‘ಪೇರೆಂಟಲ್ ಲೀವ್’ ಅದೇ ಪುಟದಲ್ಲಿ ಬೇರೆಯಾಗಿ ಕೂತಿದೆ.

‘ಪಾಲನಾ ರಜೆ’ ಅನ್ನೋಣವೇ? ನಮ್ಮ ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಬಂದ ಮೇಲೆ ಆ ಪದಕ್ಕೆ ಮೊಹರು ಬಿದ್ದಿದೆ. (ನಮ್ಮ ಮನೆಯಲ್ಲಿ ಅದು ‘ಶಿಶುಪಾಲನ ರಜೆ’; ನೂರು ತಪ್ಪಿನವರೆಗೆ ಮಾಫಿ.) ಆದರೆ ಎಂಬತ್ತರ ಅಪ್ಪನನ್ನು ‘ಪಾಲಿಸುವುದು’ ಕಿವಿಗೆ ಹಿತವಿಲ್ಲ. ಪಾಲನೆ ಹಿರಿಯರಿಂದ ಕಿರಿಯರಿಗೆ ಇಳಿಯುವ ಮಾತು. ‘ಶುಶ್ರೂಷೆ’ ಅದರ ತಿರುಗುಮುರುಗು: ಮೂಲದಲ್ಲಿ ಕೇಳುವ ಬಯಕೆ, ಆಮೇಲೆ ಗುರುಹಿರಿಯರ ಮಾತು ಕೇಳಿಕೊಂಡು ಮಾಡುವ ಸೇವೆ. ಈಗ ಡೆಟಾಲ್ ವಾಸನೆ ಹೊಡೆಯುತ್ತದೆ. ಮರೆವಿನ ಕಾಯಿಲೆಯ ಅಮ್ಮನ ಪಕ್ಕ ಸುಮ್ಮನೆ ಕೂತಿರುವುದು, ಅವಳನ್ನು ಪಿಂಚಣಿಗೆಂದು ಬ್ಯಾಂಕಿಗೆ ಕರೆದೊಯ್ಯುವುದು ಅದರೊಳಗೆ ಹಿಡಿಸುವುದಿಲ್ಲ.

ನನ್ನ ಮತ ‘ಆರೈಕೆ ರಜೆ’ಗೆ. ಹಳಗನ್ನಡದ ‘ಆರಯ್’ ಅಂದರೆ ಹುಡುಕು, ವಿಚಾರಿಸು, ನೋಡಿಕೊ. ತಮಿಳರು ಸಂಶೋಧನೆಗೆ ಹೇಳುವ ‘ಆರಾಯ್ಚಿ’ ಇದರ ನಂಟ. ನಾವೂ ‘ಅಜ್ಜಿಯ ಊಟ ತಿಂಡಿ ವಿಚಾರಿಸಿಕೊ’ ಅನ್ನುತ್ತೇವಲ್ಲ, ಅದೇ ಜಾಡು. ಮಗುವಿಗೂ ಸಲ್ಲುತ್ತದೆ, ಮುದುಕರಿಗೂ ಸಲ್ಲುತ್ತದೆ.

ರಜೆ ಆಯಿತು, ರಜೆ ಹಾಕುವವರು? ‘ಆರೈಕೆದಾರ’ ಗುತ್ತಿಗೆದಾರನ ತಮ್ಮನ ಹಾಗೆ ಕೇಳುತ್ತದೆ. ಇಲ್ಲೇ ನನಗೆ ಬಾಣಂತನ ನೆನಪಾದದ್ದು. ‘ಅವಳಿಗೆ ಈಗ ಬಾಣಂತನ’ ಅಂದರೆ ಹೆತ್ತವಳ ಸ್ಥಿತಿ. ‘ಅವಳಮ್ಮ ಬಾಣಂತನ ಮಾಡುತ್ತಿದ್ದಾಳೆ’ ಅಂದರೆ ಎಣ್ಣೆ ಹಚ್ಚಿ ನೀರು ಹಾಕುವವಳ ದುಡಿಮೆ. ಆರೈಕೆ ಪಡೆಯುವವಳಿಗೂ ಮಾಡುವವಳಿಗೂ ಒಂದೇ ಪದ. ಮುಪ್ಪಿನ ಆರೈಕೆಗೆ ಇಂಥ ಒಂದು ಪದ ಎಲ್ಲಾದರೂ ಬಳಕೆಯಲ್ಲಿದೆಯೇ?

ಇನ್ನೊಂದು ಕಗ್ಗಂಟು ‘ರಜೆಯ ಹಕ್ಕು’. ರಜೆ ಪಾರಸಿಯಿಂದ ಬಂದ ‘ರಜಾ’, ಅಂದರೆ ಅಪ್ಪಣೆ. ಅಪ್ಪಣೆಗೆ ಹಕ್ಕೆಲ್ಲಿಂದ? ಕೇಂದ್ರ ಸರ್ಕಾರದ 1972ರ ರಜೆ ನಿಯಮಗಳೂ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದೇ ಹೇಳುತ್ತವೆ. ನೌಕರ ರಜೆ ‘ಹಾಕುತ್ತಾನೆ’, ಸಾಹೇಬರು ‘ಮಂಜೂರು’ ಮಾಡುತ್ತಾರೆ. ಬ್ರಿಟಿಷ್ ಕಾಯ್ದೆಯಲ್ಲಿ ಮಾಲೀಕ ದಿನವನ್ನು ಮುಂದೂಡಬಹುದು, ಇಲ್ಲ ಅನ್ನುವಂತಿಲ್ಲ. ಹಾಗಾಗಿ ‘ಮಂಜೂರಾತಿ’ ಎಂದು ಬರೆದರೆ ಅರ್ಥವೇ ಕೆಟ್ಟೀತು; ಸದ್ಯಕ್ಕೆ ‘ತಿಳಿಸಿ ಪಡೆಯುವ ರಜೆ’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನಾನು ಆಗಿನ ಕಚೇರಿಗೆ ಬರೆದುಕೊಟ್ಟದ್ದು ‘ತೀವ್ರ ಜ್ವರದ ನಿಮಿತ್ತ’ ಎಂದು. ಅರ್ಜಿಯ ನಮೂನೆಯಲ್ಲಿ ಇದ್ದ ಕಾರಣಗಳೆಲ್ಲ ನನ್ನ ಮೈಯವೇ, ಅಮ್ಮನ ಸೊಂಟಕ್ಕೆ ಅಲ್ಲಿ ಜಾಗವಿರಲಿಲ್ಲ. ನಿಮ್ಮ ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ಮನೆಯವರನ್ನು ನೋಡಿಕೊಳ್ಳಲು ರಜೆ ಹಾಕುವವರು ಕಾರಣದ ಜಾಗದಲ್ಲಿ ಏನು ಬರೆಯುತ್ತಾರೆ? ಇದ್ದದ್ದನ್ನು ಇದ್ದ ಹಾಗೇ ಕಳಿಸಿ, ತಿದ್ದಬೇಡಿ.